ಸಣ್ಣ ಯೂನಿಟ್‌ನಲ್ಲಿ ಜನರನ್ನು ಸಂಭಾಳಿಸುವುದು: ಮೂರು ಲೆಕ್ಕ ಬೇರೆ ಬೇರೆ ಇಡುವ ಬಗೆ

ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್ ಹಾಕುವವರು ಮೊದಲು ಕೇಳುವುದು ಮಷಿನ್ ರೇಟು, ಆಮೇಲೆ ಕರೆಂಟು, ಆಮೇಲೆ ವಾಶಿಂಗ್ ಯಾರಿಗೆ ಕೊಡುವುದು ಎಂದು. ಜನರ ವಿಷಯಕ್ಕೆ ಬರುವುದು ಆರು ತಿಂಗಳು ಕಳೆದ ಮೇಲೆ, ಅದೂ ತಲೆ ಬಿಸಿಯಾದಾಗ. "ಮೆತ್ತಗಿದ್ರೆ ತಲೆ ಮೇಲೆ ಕೂರ್ತಾರೆ, ಜೋರು ಮಾಡಿದ್ರೆ ಪಕ್ಕದ ಯೂನಿಟ್‌ಗೆ ಹೋಗ್ತಾರೆ. ಹೆಂಗ್ ಮಾಡ್ಬೇಕ್ ಹೇಳಕ್ಕಾ?"

ನಾನು ಮೊದಲು ಸಿಂಗಲ್ ನೀಡಲ್ ಮಷಿನ್ ಮೇಲೆ ಕೂತವಳು, ಆಮೇಲೆ ಲೈನ್, ಅಂದರೆ ಸಾಲಾಗಿ ಕೂತು ಹೊಲಿಯುವವರನ್ನು, ನೋಡಿಕೊಂಡವಳು, ಈಗ ಕೌಲ್ ಬಜಾರ್ ಕಡೆಯ ಒಂದು ಓಣಿಯಲ್ಲಿ ಸ್ವಂತ ಯೂನಿಟ್ ನಡೆಸುತ್ತೇನೆ. ಇಪ್ಪತ್ತು ಚಿಲ್ಲರೆ ಜನ ಇದ್ದಾರೆ. ಬೈಸಿಕೊಂಡೂ ಗೊತ್ತು, ಬೈದೂ ಗೊತ್ತು. ನನ್ನ ಕಣ್ಣಿಗೆ ಕಂಡ ಮಟ್ಟಿಗೆ ಯೂನಿಟ್‌ಗಳಲ್ಲಿ ಜಗಳ ಹುಟ್ಟುವುದು ಮಾಲೀಕ ಮೆತ್ತಗಿದ್ದಾನೆ ಅಂತಲೂ ಅಲ್ಲ, ಗಟ್ಟಿ ಇದ್ದಾನೆ ಅಂತಲೂ ಅಲ್ಲ. ಒಂದು ಲೆಕ್ಕದ ಬಾಕಿಯನ್ನು ಇನ್ನೊಂದರಲ್ಲಿ ತೀರಿಸಲು ಹೋಗಿ ಹುಟ್ಟುತ್ತದೆ.

ಕೆಲಸ ಮಾಡುವವರ ಜೊತೆ ನಿಮಗೆ ಮೂರು ಲೆಕ್ಕ ಇರುತ್ತವೆ: ದುಡ್ಡಿನದು, ಕೆಲಸದ್ದು, ಮನುಷ್ಯನದು. ತಾಯಿ ಆಸ್ಪತ್ರೆಯಲ್ಲಿದ್ದಾಳೆ ಪಾಪ ಎಂದು ಅವನು ಸೊಟ್ಟ ಹಾಕಿದ ಪಾಕೆಟ್ ನೋಡಿಯೂ ಸುಮ್ಮನಿರುವುದು ಒಂದು ಬಗೆಯ ಬೆರಕೆ. ಪಾಕೆಟ್ ಸೊಟ್ಟ ಹಾಕಿದ್ದಾನೆ ಎಂಬ ಸಿಟ್ಟಿಗೆ, ತಾಯಿ ಆಸ್ಪತ್ರೆಯಲ್ಲಿರುವವನಿಗೆ ರಜೆ ಕೊಡದಿರುವುದು ಇನ್ನೊಂದು ಬಗೆಯದು. ನಮ್ಮ ಕೆಲಸದಲ್ಲಿರುವವರಿಗೆ ಇದು ಬೇಗ ಅರ್ಥವಾಗಬೇಕು. ಡೆನಿಮ್ ಥಾನುಗಳಲ್ಲಿ (ಬಟ್ಟೆಯ ಸುರುಳಿಗಳಲ್ಲಿ) ಒಂದಕ್ಕೂ ಇನ್ನೊಂದಕ್ಕೂ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ಕಟಿಂಗ್ ಮಾಸ್ಟರ್ ಪದರ ಪದರಕ್ಕೂ ನಂಬರ್ ಹಾಕಿ ಬಂಡಲ್ ಕಟ್ಟುವುದು. ಒಂದು ಬಂಡಲ್‌ನ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸೇರಿಸಿ ಹೊಲಿದರೆ ಮಷಿನ್ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ವಾಶ್ ಆಗಿ ಬಂದ ಮೇಲೆ ಒಂದೇ ಪ್ಯಾಂಟಿನಲ್ಲಿ ಎರಡು ನೀಲಿ ಎದ್ದು ಕಾಣುತ್ತವೆ, ಆಗ ಬಿಚ್ಚಿ ಹೊಲಿದರೂ ಉಪಯೋಗವಿಲ್ಲ.

ಮುಂಗಡ: ಯಾರೂ ಕೇಳುವ ಮುಂಚೆಯೇ ನಿಯಮ ಇರಲಿ

ನಮ್ಮ ಕಡೆ ಮುಂಗಡವಿಲ್ಲದ ಯೂನಿಟ್ ಇಲ್ಲ. ಹಾಗಾಗಿ ಕೊಡಬೇಕೋ ಬೇಡವೋ ಎಂದು ಪ್ರತಿ ಸಲ ಮುಖ ನೋಡಿ ತೀರ್ಮಾನಿಸಬೇಡಿ. ಮುಖ ನೋಡಿ ಕೊಟ್ಟರೆ ಚೆನ್ನಾಗಿ ಅಳುವವರಿಗೆ ಹೆಚ್ಚು ಸಿಗುತ್ತದೆ, ಬಾಯಿಲ್ಲದವರಿಗೆ ಏನೂ ಸಿಗುವುದಿಲ್ಲ. ನನ್ನ ನಿಯಮ ಗೋಡೆ ಮೇಲೆ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆದು ಅಂಟಿಸಿದೆ. ತೆಲುಗು ಮಾತ್ರ ಬರುವವರಿಗೆ ಬಾಯಲ್ಲಿ ಹೇಳುತ್ತೇವೆ. ಮುಂಗಡ ಬುಧವಾರ ಮಾತ್ರ. ಒಂದು ವಾರದ ದುಡಿಮೆಗಿಂತ ಹೆಚ್ಚಿಲ್ಲ. ಹಳೆಯದು ತೀರುವ ತನಕ ಹೊಸದಿಲ್ಲ. ಶನಿವಾರದ ಬಟವಾಡೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮುರಿಯುವುದಿಲ್ಲ.

ಬುಧವಾರವೇ ಯಾಕೆ? ಶನಿವಾರ ಎಲ್ಲರೂ ಎಲ್ಲರ ಕೈ ನೋಡುತ್ತಿರುತ್ತಾರೆ. ಸೋಮವಾರ ಕೇಳುವವರಲ್ಲಿ ಭಾನುವಾರ ಖರ್ಚು ಮಾಡಿಕೊಂಡವರೇ ಜಾಸ್ತಿ. ಬುಧವಾರದ ತನಕ ತಡೆಯುವ ಗರಜು ನಿಜವಾದ ಗರಜು. ಕಾಲುಭಾಗ ಯಾಕೆ ಎಂದರೆ, ಕಾನೂನು ಎಲ್ಲ ಬಗೆಯ ಕಡಿತವೂ ಸೇರಿ ಸಂಬಳದ ಅರ್ಧ ಮೀರಬಾರದು ಎನ್ನುತ್ತದೆ. ಆದರೆ ಅರ್ಧ ಬಟವಾಡೆ ಹಿಡಿದು ಮನೆಗೆ ಹೋದವಳು ಮುಂದಿನ ಬುಧವಾರ ಮತ್ತೆ ನಿಮ್ಮ ಮುಂದೆಯೇ ನಿಂತಿರುತ್ತಾಳೆ. ಆ ಸುತ್ತು ಮುಗಿಯುವುದೇ ಇಲ್ಲ.

ಪ್ರತಿಯೊಬ್ಬರಿಗೂ ಎರಡು ಸಣ್ಣ ಪುಸ್ತಕ ಮಾಡಿ. ಒಂದು ನಿಮ್ಮ ಹತ್ತಿರ, ಒಂದು ಅವರ ಹತ್ತಿರ. ಕೊಟ್ಟದ್ದು, ಮುರಿದದ್ದು, ಉಳಿದದ್ದು ಎರಡರಲ್ಲೂ ಒಂದೇ ಹೊತ್ತಿಗೆ ಬರೆಯಬೇಕು. ಬರೆಯುವಾಗ ಅವರು ಎದುರಿಗಿರಬೇಕು.

ಈಗ ಇಲ್ಲ ಎನ್ನುವುದು ಹೇಗೆ ಎಂಬ ವಿಷಯ. ನಮ್ಮವರಿಗೆ ಇಲ್ಲ ಎನ್ನಲು ಮುಲಾಜು, ಅದಕ್ಕೆ "ನೋಡೋಣ ಬಿಡು" ಎನ್ನುತ್ತೇವೆ. ಕೇಳಿದವನು ಅದನ್ನು ಒಪ್ಪಿಗೆ ಅಂದುಕೊಂಡು ಹೋಗುತ್ತಾನೆ. ಜೂನ್‌ನಲ್ಲಿ ಮಗಳ ಸ್ಕೂಲ್ ಫೀಸಿಗೆ ಬೇರೆ ಕಡೆ ಯಾರನ್ನೂ ಕೇಳದೆ ನಿಮ್ಮನ್ನೇ ನಂಬಿ ಕೂರುತ್ತಾನೆ. ಕೊನೆ ದಿನ ನೀವು ಕೈ ಎತ್ತಿದರೆ ಅವನಿಗೆ ಉಳಿಯುವುದು ಮೀಟರ್ ಬಡ್ಡಿಯವನ ಬಾಗಿಲೊಂದೇ. ಆ "ನೋಡೋಣ"ಕ್ಕಿಂತ ಕ್ರೂರ ಮಾತು ನನಗೆ ಗೊತ್ತಿಲ್ಲ. ಹೇಳುವುದಿದ್ದರೆ ಹೀಗೆ ಹೇಳಿ: "ಈ ವಾರ ಆಗಂಗಿಲ್ಲಪ್ಪ. ಹಳೇದು ಇನ್ನೂ ಐತೆ. ಇಪ್ಪತ್ತನೇ ತಾರೀಖಿಗೆ ತೀರತೈತೆ, ಆಮೇಲಿನ ಬುಧವಾರ ಬಾ." ಕಾರಣ ಒಂದೇ ಸಾಕು. ನಾಲ್ಕು ಕಾರಣ ಕೊಟ್ಟರೆ ನಾಲ್ಕಕ್ಕೂ ಉತ್ತರ ತರುತ್ತಾರೆ, ಚೌಕಾಸಿ ಶುರುವಾಗುತ್ತದೆ.

ಸಾವು, ಹೆರಿಗೆ, ಆಕ್ಸಿಡೆಂಟ್ ಇವು ಬುಧವಾರ ನೋಡಿ ಬರುವುದಿಲ್ಲ. ಅದಕ್ಕೆ ನಾನು ಪ್ರತಿ ಲಾಟ್‌ನ, ಅಂದರೆ ಒಂದೊಂದು ಆರ್ಡರ್‌ನ, ಬಿಲ್ ಬಂದಾಗ ಸ್ವಲ್ಪ ಬೇರೆ ಎತ್ತಿಡುತ್ತೇನೆ. ಅದರಿಂದ ಕೊಡುವುದು ಮುಂಗಡ ಅಲ್ಲ, ಪುಸ್ತಕಕ್ಕೆ ಏರುವುದಿಲ್ಲ. ಕೊಡುವಾಗಲೇ ಬಾಯಿಬಿಟ್ಟು ಹೇಳುತ್ತೇನೆ: "ಇದು ವಾಪಸ್ ಕೊಡೋದಲ್ಲ." ಸಾಲವೋ ಸಹಾಯವೋ ಎಂದು ಹೇಳದೆ ಕೊಟ್ಟ ದುಡ್ಡು ಇಬ್ಬರ ನಡುವೆಯೂ ಕೊಳೆಯುತ್ತದೆ. ಹಾಗೆ ಕೊಟ್ಟ ಮೇಲೆ ಅದನ್ನು ಮರೆಯಬೇಕಾದವರು ನೀವು. "ನಿಮ್ಮಪ್ಪ ತೀರಿಕೊಂಡಾಗ ನಾನ್ ನಿಂತೀನಿ, ಈಗ ಭಾನುವಾರ ಒಂದಿನ ಬಾ ಅಂದ್ರೆ ಆಗಂಗಿಲ್ಲ ಅಂತೀಯಾ?" ಎಂದ ಕ್ಷಣ ಅದು ಸಹಾಯವಲ್ಲ, ಬಡ್ಡಿ. ಭಾನುವಾರ ಕೆಲಸ ಬೇಕಿದ್ದರೆ ಓವರ್‌ಟೈಮ್ ದುಪ್ಪಟ್ಟು ಕೊಟ್ಟು ಕೇಳಿ, ಬದಲಿ ರಜೆ ಕೊಡಿ. ಬರಲ್ಲ ಎಂದರೆ ಬರಲ್ಲ.

ಒಂದು ಮಾತು ಖಡಕ್ಕಾಗಿ ಹೇಳಬೇಕು. ಒಳ್ಳೆಯ ಟೇಲರ್ ಬೇರೆ ಕಡೆ ಹೋಗಬಾರದು ಎಂದು ದೊಡ್ಡ ಮುಂಗಡ ಕೊಟ್ಟು ಕಟ್ಟಿಹಾಕುವುದು ಕೆಲವರ ಲೆಕ್ಕಾಚಾರ. "ತೀರಿಸೋ ತನಕ ಬೇರೆ ಕಡೆ ಹೋಗಂಗಿಲ್ಲ" ಎನ್ನುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಸಿಕ್ಕಿಬೀಳುವ ಮಾತು. ಕಾಯ್ದೆ ಬಿಡಿ, ಸಾಲಕ್ಕೆ ಹೆದರಿ ಕೂತವನ ಹೊಲಿಗೆ ನೋಡಿದರೆ ಗೊತ್ತಾಗುತ್ತದೆ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ವಿಷಯದಲ್ಲಿ ಒತ್ತಡ ಕೆಳಗಿನಿಂದ ಬರುತ್ತದೆ. "ಅವೆಲ್ಲ ಬ್ಯಾಡಕ್ಕಾ, ಕೈಗೇ ಕೊಡ್ರಿ." ಒಪ್ಪಿದರೆ ಆ ದಿನ ನೀವು ದೇವರು. ನಾನು ಒಪ್ಪುವುದಿಲ್ಲ, ಆದರೆ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಇಎಸ್‌ಐಗೆ ಕೆಲಸಗಾರರ ಪಾಲು ಶೇ 0.75, ನಮ್ಮ ಪಾಲು ಶೇ 3.25. ತಿಂಗಳಿಗೆ 12,000 ಬಂದರೆ ಅವರಿಂದ ಹೋಗುವುದು 90 ರೂಪಾಯಿ, ನಾನು ಹಾಕುವುದು 390. ಬಾರ್‌ಟ್ಯಾಕ್ ಮಷಿನ್‌ನ ಸೂಜಿ ಬೆರಳಿಗೆ ಇಳಿದರೆ ಆಸ್ಪತ್ರೆ ಖರ್ಚು, ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ಕೂಲಿಯ ಶೇ 70, ವರ್ಷಕ್ಕೆ 91 ದಿನದ ತನಕ. ಇಷ್ಟು ಹೇಳಿದ ಮೇಲೂ ಗೊಣಗುವವರು ಗೊಣಗುತ್ತಾರೆ. ಗೊಣಗಲಿ.

ಕೆಟ್ಟ ಹೊಲಿಗೆಯನ್ನು ಕೆಟ್ಟದ್ದು ಎನ್ನುವುದು

ಕೆಲಸದ ಬಗ್ಗೆ ಮಾತಾಡುವಾಗ ಕೈಯಲ್ಲಿ ಪೀಸ್ ಇರಲೇಬೇಕು. ಪೀಸ್ ಇಲ್ಲದೆ ಆಡಿದ ಮಾತು ಮನುಷ್ಯನ ಮೇಲೆ ಹೋಗುತ್ತದೆ: "ನಿನ್ನ ಗಮನ ಎಲ್ಲೈತೋ," "ನಿಂದು ಯಾವಾಗ್ಲೂ ಇಷ್ಟೇ." ಪೀಸ್ ಇದ್ದರೆ ಬೆರಳು ಅದರ ಮೇಲೆ ಹೋಗುತ್ತದೆ: "ಇಲ್ಲಿ ನೋಡಮ್ಮ, ಯೋಕ್ ಹತ್ರ ಹೊಲಿಗೆ ಬಿಟ್ಟೈತೆ. ವಾಶ್‌ಗೆ ಹೋದ್ರೆ ಪೂರಾ ಬಾಯಿ ಬಿಡತೈತೆ." ಹೇಳುವುದು ವಾಶಿಂಗ್‌ಗೆ ಹೋಗುವ ಮುಂಚೆ, ಸಾಧ್ಯವಾದರೆ ಅದೇ ಬಂಡಲ್ ಮಷಿನ್ ಮೇಲಿರುವಾಗಲೇ. ಶನಿವಾರದ ತನಕ ಕೂಡಿಸಿಟ್ಟು ಬಟವಾಡೆ ಹೊತ್ತಿಗೆ ಆಲ್ಟರ್ ಪೀಸ್‌ಗಳ, ಅಂದರೆ ಬಿಚ್ಚಿ ತಿದ್ದಬೇಕಾದವುಗಳ, ಪಟ್ಟಿ ತೆಗೆಯುವ ಮಾಲೀಕರಿದ್ದಾರೆ. ಅದು ಹೊಲಿಗೆ ತಿದ್ದುವುದಲ್ಲ, ಕೂಲಿ ಮುರಿಯಲು ನೆಪ ಹುಡುಕುವುದು, ಎಂದು ಲೈನ್‌ನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಪೀಸ್ ಹಾಳಾದುದಕ್ಕೆ ದುಡ್ಡು ಮುರಿಯಬೇಕಾದರೆ ಮೊದಲು ಅವರ ವಿವರಣೆ ಕೇಳಬೇಕು ಎಂದು ಕಾನೂನಿನಲ್ಲೇ ಇದೆ. ಕೇಳಿದರೆ ಅರ್ಧಕ್ಕರ್ಧ ಸಲ ಸೂಜಿ ಮೊಂಡಾಗಿದ್ದದ್ದು, ಕಟಿಂಗ್‌ನಲ್ಲೇ ಅಳತೆ ತಪ್ಪಿದ್ದು ಹೊರಗೆ ಬರುತ್ತದೆ.

ಸಣ್ಣ ತಪ್ಪನ್ನು ಮಷಿನ್ ಹತ್ತಿರವೇ, ಮೆಲ್ಲಗೆ ಹೇಳಿ. ಒಬ್ಬರ ಮರ್ಯಾದೆಗೆ ತಾಗುವ ವಿಷಯವಾದರೆ ಪಕ್ಕಕ್ಕೆ ಕರೆಯಿರಿ. ಹೊಗಳುವುದನ್ನೂ ಪೀಸ್ ತೋರಿಸಿಯೇ ಮಾಡಿ. "ಚೆನ್ನಾಗ್ ಮಾಡ್ತಿ" ಎಂಬ ಮಾತು ಗಾಳಿಗೆ ಹೋಗುತ್ತದೆ. "ಈ ಮೂಲೆ ತಿರುಗಿಸಿದ್ದು ನೋಡ್ರೀ, ಹಿಂಗಿರ್ಬೇಕು" ಎಂದರೆ ಪಕ್ಕದವಳೂ ಬಗ್ಗಿ ನೋಡುತ್ತಾಳೆ.

ಎಲ್ಲಕ್ಕಿಂತ ಕಷ್ಟದ್ದು ಹಿರಿಯರಿಗೆ ಹೇಳುವುದು. ನಮ್ಮಲ್ಲಿ ಒಬ್ಬ ಟೇಲರ್ ಇದ್ದಾರೆ, ಎಲ್ಲರಿಗೂ ಚಾಚಾ, ನನಗೂ ಚಾಚಾ. ಡಬಲ್ ನೀಡಲ್ ಮೇಲೆ ಹಳದಿ ದಾರದಲ್ಲಿ ಅವರು ಎಳೆದ ಗೆರೆ ನೋಡಲು ಬೇರೆ ಯೂನಿಟ್‌ನವರು ಬರುತ್ತಿದ್ದ ಕಾಲವಿತ್ತು. ಅವರ ಪೀಸ್‌ಗಳು ಆಲ್ಟರ್‌ಗೆ ಬರತೊಡಗಿದವು. ಗೆರೆ ಅಲ್ಲಲ್ಲಿ ಒಳಗೆ ಸರಿಯುತ್ತಿತ್ತು. ಚೆಕಿಂಗ್ ಹುಡುಗಿಯರು ಅವರಿಗೆ ತೋರಿಸದೆ ಬದಿಯ ಮಷಿನ್‌ನ ಹುಡುಗನ ಕೈಯಲ್ಲಿ ಬಿಚ್ಚಿಸಿ ಹೊಲಿಸುತ್ತಿದ್ದರು. ಚಾಚಾ ಮನಸ್ಸು ನೋಯಬಾರದು ಎಂಬ ಒಳ್ಳೆಯ ಬುದ್ಧಿಯಿಂದಲೇ. ಆದರೆ ಆ ಹುಡುಗನೂ ಪೀಸ್ ರೇಟ್ ಮೇಲಿದ್ದವನು, ಹೊಲಿದ ಪೀಸ್‌ಗೆ ಇಷ್ಟು ಎಂದು ಕೂಲಿ. ಅವನು ಚಾಚಾರ ಪೀಸ್ ಬಿಚ್ಚುತ್ತಾ ಕೂತಷ್ಟು ಹೊತ್ತು ಅವನ ಕೂಲಿ ಹೋಗುತ್ತಿತ್ತು. ಯಾರದೋ ಮೇಲಿನ ಕನಿಕರಕ್ಕೆ ದುಡ್ಡು ಕಟ್ಟುತ್ತಿದ್ದವನು ಲೈನ್‌ನಲ್ಲಿ ಎಲ್ಲರಿಗಿಂತ ಚಿಕ್ಕವನು. ಇದನ್ನು ಹುಡುಕುವುದು ಕಲಿಯಿರಿ. ಒಳ್ಳೆಯತನ ನಡೆಯುತ್ತಿರುವ ಜಾಗದಲ್ಲಿ ಅದರ ಬಿಲ್ ಯಾರಿಗೆ ಹೋಗುತ್ತಿದೆ ಎಂದು ನೋಡಬೇಕು.

ಕೂಡಲೇ ಕರೆದು ಹೇಳಲಿಲ್ಲ. ಮೊದಲು ಬಂದ ಪೀಸ್‌ಗಳನ್ನು ಹೊತ್ತಿನ ಪ್ರಕಾರ ಬೇರೆ ಮಾಡಿಸಿದೆ. ಊಟದ ಮುಂಚಿನವು ಸರಿ ಇದ್ದವು. ಮಧ್ಯಾಹ್ನ ಕಿಟಕಿಯ ಬೆಳಕು ತಿರುಗಿದ ಮೇಲಿನವು ಕೆಟ್ಟಿದ್ದವು. ಟ್ಯೂಬ್‌ಲೈಟ್ ಅವರ ಬೆನ್ನ ಹಿಂದಿತ್ತು. ಅಂದರೆ ಕೈ ಸೋತಿಲ್ಲ, ಕಣ್ಣು ಸೋತಿದೆ. ಇದು ಗೊತ್ತಾದ ಮೇಲೆ ಚಹಾ ಹೊತ್ತಿನಲ್ಲಿ ಕಟಿಂಗ್ ಟೇಬಲ್ ಹತ್ತಿರ ಕರೆದೆ. ಶನಿವಾರ ಬಿಟ್ಟು ಬೇರೆ ದಿನ, ಯಾಕೆಂದರೆ ಬಟವಾಡೆ ದಿನ ಏನು ಹೇಳಿದರೂ ದುಡ್ಡಿನ ಮಾತಾಗುತ್ತದೆ.

"ಚಾಚಾ, ಈ ಪೀಸ್ ನೋಡ್ರಿ. ಎಲ್ಲಾ ಮಧ್ಯಾಹ್ನದ ಮೇಲಿನವು."

"ದಾರ ಸರಿ ಇಲ್ಲಮ್ಮ."

ವಾದ ಮಾಡಲಿಲ್ಲ. ದಾರ ಬದಲಿಸಿಕೊಟ್ಟೆ. ಮರುದಿನದ ಪೀಸ್‌ಗಳನ್ನೂ ಅದೇ ಟೇಬಲ್ ಮೇಲೆ ಇಟ್ಟೆ. ಆಗ ಅವರೇ ಕಣ್ಣು ಒರೆಸಿಕೊಂಡು, "ಸೂಜಿ ಎರಡೆರಡು ಕಾಣ್ತಾವೆ" ಅಂದರು. ಹಿರಿಯರಿಗೆ ಒಪ್ಪಿಕೊಳ್ಳಲು ಒಂದು ದಿನದ ಜಾಗ ಬಿಡಬೇಕು. ಒಂದೇ ಕೂರಿಕೆಯಲ್ಲಿ ಒಪ್ಪಿಸುವ ಹಟ ನಿಮ್ಮ ಸಮಾಧಾನಕ್ಕೆ ಅಷ್ಟೇ.

ಕನ್ನಡಕ ಬಂತು. ಲೈಟ್ ಮುಂದಕ್ಕೆ ಹಾಕಿಸಿದೆ. ಹಳದಿ ದಾರದ ಕೆಲಸ ಸುಧಾರಿಸಿತು. ಕಡು ನೀಲಿ ಬಟ್ಟೆ ಮೇಲೆ ಕಡು ನೀಲಿ ದಾರ ಬಂದರೆ ಮಾತ್ರ ಆಗುತ್ತಿರಲಿಲ್ಲ. ಇಲ್ಲಿಂದ ಮುಂದೆ ನೇರ ಮಾತು ಬೇಕಾಯಿತು. ಅವರನ್ನು ಡಬಲ್ ನೀಡಲ್‌ನಿಂದ ತೆಗೆದು, ಬಂಡಲ್ ಹೊಂದಿಸುವುದಕ್ಕೂ ಹೊಸದಾಗಿ ಬಂದವರಿಗೆ ಕಲಿಸುವುದಕ್ಕೂ ದಿನಗೂಲಿ ಮೇಲೆ ಹಾಕುವ ಯೋಚನೆ ನನ್ನದು. ಅದರಲ್ಲಿ ಅವರ ಸಂಪಾದನೆ ಇಳಿಯುತ್ತದೆ. "ನಿಮಗೆ ಆರಾಮಾಗ್ಲಿ ಅಂತ ಚಾಚಾ" ಎಂದು ಬೆಲ್ಲ ಹಚ್ಚಿ ಹೇಳಬಹುದಿತ್ತು. ಶನಿವಾರ ದುಡ್ಡು ಎಣಿಸಿದಾಗ ಆ ಬೆಲ್ಲ ಕಹಿಯಾಗುತ್ತಿತ್ತು. ಅದಕ್ಕೆ ಮೊದಲೇ ಎರಡೂ ಅಂಕಿ ಕಾಗದದ ಮೇಲೆ ಬರೆದೆ. ಒಳ್ಳೆಯ ವಾರದಲ್ಲಿ ಪೀಸ್ ರೇಟ್‌ನಲ್ಲಿ ಬರುತ್ತಿದ್ದದ್ದು ಇಷ್ಟು, ಈಗ ಖಚಿತವಾಗಿ ಬರುವುದು ಇಷ್ಟು, ಆರ್ಡರ್ ಇಲ್ಲದ ವಾರವೂ ಇಷ್ಟೇ ಬರುತ್ತದೆ. ಬೇಡ ಎನ್ನುವ ಹಕ್ಕು ನಿಮಗಿದೆ, ಆದರೆ ಡಬಲ್ ನೀಡಲ್ ಮೇಲೆ ಮಾತ್ರ ಇನ್ನು ಕೂರಿಸಲು ನನ್ನಿಂದ ಆಗುವುದಿಲ್ಲ ಎಂದೂ ಹೇಳಿದೆ.

ಅವರು ಸಿಟ್ಟಾದರು. ಕೆಲವು ದಿನ ಬರಲಿಲ್ಲ. ನಾನು ಒಂದು ಸಲ ಫೋನ್ ಮಾಡಿ "ಜಾಗ ಹಾಗೇ ಐತೆ, ಬರ್ರಿ" ಎಂದೆ. ಬೇಡಿಕೊಳ್ಳಲೂ ಇಲ್ಲ, ಹೇಳಿದ್ದನ್ನು ಬದಲಿಸಲೂ ಇಲ್ಲ. ಈಗ ಅವರ ಕೈಯಲ್ಲಿ ಕಲಿತವರು ಲೈನ್‌ನಲ್ಲಿ ಅರ್ಧ ಇದ್ದಾರೆ. ಡಬಲ್ ನೀಡಲ್ ಪಕ್ಕ ಹೋಗುವಾಗ ಅವರ ಮುಖ ಇವತ್ತಿಗೂ ಸ್ವಲ್ಪ ಗಂಟಾಗುತ್ತದೆ. ಅದನ್ನು ಸರಿ ಮಾಡುವುದು ನನ್ನ ಕೆಲಸವಲ್ಲ. ನೇರ ಮಾತಾಡಿಯೂ ಎಲ್ಲರ ಮುಖದಲ್ಲಿ ನಗು ಉಳಿಸುತ್ತೇನೆ ಎಂದು ಹೊರಟರೆ ಸುಳ್ಳು ಹೇಳಲೇಬೇಕಾಗುತ್ತದೆ.

ಕೆಲಸ ಇಲ್ಲದ ವಾರ

ನಮ್ಮದು ಜಾಬ್ ವರ್ಕ್, ಬೇರೆಯವರು ಕೊಟ್ಟ ಬಟ್ಟೆ ಹೊಲಿದುಕೊಡುವುದು. ಹಬ್ಬದ ಮುಂಚೆ ಮಷಿನ್‌ಗೆ ಬಿಡುವಿಲ್ಲ, ಹಬ್ಬ ಕಳೆದ ಮೇಲೆ ಬಟ್ಟೆ ಇಲ್ಲ. ಆರ್ಡರ್ ಕಡಿಮೆ ಎಂದು ನಿಮಗೆ ಯಾವ ದಿನ ಗೊತ್ತಾಯಿತೋ ಅದೇ ದಿನ ಹೇಳಿ. ಹೇಳಿದರೆ ಎಲ್ಲರೂ ಓಡಿಹೋಗುತ್ತಾರೆ ಎಂಬ ಹೆದರಿಕೆ ಎಲ್ಲ ಮಾಲೀಕರಿಗೂ ಇದೆ. ಆದರೆ ವಿಷಯ ಅವರಿಗೆ ಹೇಗೂ ಗೊತ್ತಾಗುತ್ತದೆ. ಥಾನು ಇಳಿಸುವ ಆಟೋದವನೇ ಹೇಳುತ್ತಾನೆ. "ಮುಂದಿನ ವಾರ ಮೂರೇ ದಿನ ಬಟ್ಟೆ ಐತೆ. ಉಳಿದ ದಿನ ಬೇರೆ ಕಡೆ ಕೆಲಸ ಸಿಕ್ಕರೆ ಹೋಗ್ರಿ, ಬಟ್ಟೆ ಬಂದಾಗ ಫೋನ್ ಮಾಡ್ತೀನಿ" ಎಂದು ಬಿಟ್ಟುಬಿಡುವುದು ವಾಸಿ. ಎಷ್ಟು ಗೊತ್ತೋ ಅಷ್ಟೇ ಹೇಳಿ. "ದೊಡ್ಡ ಆರ್ಡರ್ ಬರತೈತೆ, ತಡಕೊಳ್ರಿ" ಎಂಬ ಆಸೆ ಹುಟ್ಟಿಸಬೇಡಿ. ಹಾಗೆಯೇ, ಸಂಬಳ ತಡವಾಗಬಹುದು ಎಂಬ ಸುದ್ದಿಯನ್ನು ಸಂಬಳದ ದಿನ ಹೇಳುವವರು ಎರಡನೇ ಸಲ ನಂಬಿಕೆ ಕೇಳಬಾರದು. ವಾರದ ಬಟವಾಡೆ ಇಟ್ಟುಕೊಂಡಿದ್ದರೆ ವಾರದ ರಜೆಯ ಮುಂಚಿನ ಕೆಲಸದ ದಿನವೇ ಕೊಡಬೇಕು, ಇದೂ ಕಾನೂನು.

ರಜೆ

ನಮ್ಮ ಯೂನಿಟ್‌ನಲ್ಲಿ ರಂಜಾನ್, ಮೊಹರಂ, ದಸರಾ, ಹುಲಿಗೆಮ್ಮನ ಜಾತ್ರೆ, ಕುರುಗೋಡಿನ ತೇರು, ಕನಕದುರ್ಗಮ್ಮನ ಸಿಡಿಬಂಡಿ ಎಲ್ಲಕ್ಕೂ ಜನ ಖಾಲಿಯಾಗುತ್ತಾರೆ. ಮೊಹರಂ ಅಂತೂ ಹಿಂದೂ ಮುಸ್ಲಿಂ ಎರಡೂ ಕಡೆಯವರದು. ವರ್ಷದ ಶುರುವಿನಲ್ಲಿ ಕ್ಯಾಲೆಂಡರ್ ಮೇಲೆ ಎಲ್ಲರ ಎದುರು ಗುರುತು ಹಾಕಿ. ಒಂದೇ ಮಷಿನ್ ಬರುವ ಇಬ್ಬರು ಒಂದೇ ದಿನ ಕೇಳಿದರೆ ಈ ವರ್ಷ ಇವಳು, ಮುಂದಿನ ವರ್ಷ ಅವಳು. ಯಾರ ಹಬ್ಬ ದೊಡ್ಡದು ಎಂದು ತೂಗುವ ಕೆಲಸಕ್ಕೆ ಹೋಗಲೇಬೇಡಿ. ಹೇಳದೆ ತಪ್ಪಿಸಿಕೊಂಡರೆ ಏನು ಎಂಬುದನ್ನು ಮೊದಲೇ ಹೇಳಿರಬೇಕು. ನಮ್ಮಲ್ಲಿ ಆ ತಿಂಗಳು ಮುಂಗಡ ಇಲ್ಲ. ಇದು ಬೆರಕೆ ಅಲ್ಲವಾ ಎಂದು ಯಾರೋ ಕೇಳಿದರು. ಅಲ್ಲ, ಮುಂಗಡ ಎನ್ನುವುದೇ ಬರುವವರ ಮೇಲಿನ ನಂಬಿಕೆ.

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಮೇಲೆ ತಗಡು, ಒಳಗೆ ಐರನ್ ಬಾಕ್ಸ್. ಆಗ ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನ ಬಿಡುವುದು ಕರುಣೆಯೇನೂ ಅಲ್ಲ, ಮೂರು ಗಂಟೆಯ ಮೇಲೆ ಹೊಲಿದ ಪೀಸ್ ಹೇಗೂ ಆಲ್ಟರ್‌ಗೆ ಬರುತ್ತದೆ.

ದಯೆಗೆ ಜಾಗವಿಲ್ಲದ ಕಡೆ

ಕುಡಿದು ಮಷಿನ್ ಮೇಲೆ ಕೂರುವುದು. ಕೈ ಎತ್ತುವುದು. ಹೆಣ್ಣುಮಕ್ಕಳಿಗೆ ಕೆಟ್ಟ ಮಾತು, ಮೈಕೈ ಮುಟ್ಟುವುದು. ಜಾತಿ ಎತ್ತಿ ಬೈಯುವುದು. ಇವಕ್ಕೆ "ಅವನ ಹೆಂಡತಿ ಮಕ್ಕಳ ಮುಖ ನೋಡಿ" ಎಂಬ ಮಾತು ತರಬೇಡಿ. ಕುಡಿದು ಬಂದವನನ್ನು ಆ ದಿನ ಮನೆಗೆ ಕಳಿಸಿ, ಮಾತು ಮರುದಿನ. ಕುಡಿದಾಗ ಬೈದರೆ ಅವನಿಗೆ ನೆನಪಿರುವುದಿಲ್ಲ, ನೋಡಿದವರಿಗೆ ತಮಾಷೆಯಾಗುತ್ತದೆ.

ಹೆಣ್ಣುಮಕ್ಕಳ ದೂರು ಬಂದರೆ ನಮ್ಮ ಕಡೆ ಮಾಲೀಕರು ಮಾಡುವುದು ಪಂಚಾಯಿತಿ. ಇಬ್ಬರನ್ನೂ ಎದುರಿಗೆ ಕೂರಿಸಿ, ಅವನ ಕೈಯಲ್ಲಿ "ತಂಗಿ ಇದ್ದಂಗೆ" ಅನ್ನಿಸಿ, ಕೈ ತೊಳೆದುಕೊಳ್ಳುವುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸು, ಹೊರಗಿನ ಸದಸ್ಯರೊಬ್ಬರು, ದೂರಿಗೆ ಮೂರು ತಿಂಗಳ ಅವಧಿ, ವಿಚಾರಣೆ 90 ದಿನದೊಳಗೆ. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ಸಮಿತಿ ಸದಸ್ಯರ ಹೆಸರು ಗೋಡೆ ಮೇಲೆ ಇರಲಿ, ಮುಂಗಡದ ನಿಯಮದ ಪಕ್ಕದಲ್ಲೇ. ವಿಚಾರಣೆ ಮುಗಿಯುವ ತನಕ ದೂರು ಕೊಟ್ಟವಳ ಮಷಿನ್ ಬದಲಿಸಬೇಡಿ, ಅವನದನ್ನು ಬದಲಿಸಿ. ನಮ್ಮಲ್ಲಿ ಯಾವಾಗಲೂ ಎದ್ದು ಹೋಗಬೇಕಾದವಳು ಅವಳೇ ಆಗುತ್ತಾಳೆ.

ಇನ್ನೊಂದು, ಇದನ್ನು ಹೇಳಲು ಸಂಕಟವಾಗುತ್ತದೆ. ಬೇಸಿಗೆ ರಜೆಯಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. "ಮನೇಲಿ ಒಬ್ಳನ್ನೇ ಬಿಡಾಕಾಗಂಗಿಲ್ಲಕ್ಕಾ, ದಾರ ಕತ್ತರಿಸ್ತಾಳೆ ಬಿಡ್ರಿ." ಹುಡುಗಿಗೆ ಹನ್ನೆರಡೋ ಹದಿಮೂರೋ. ತಾಯಿಯ ಹೆದರಿಕೆ ಸುಳ್ಳಲ್ಲ. ಆದರೂ ಕತ್ತರಿ ಕೈಗೆ ಕೊಡಬೇಡಿ. ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಹಚ್ಚಿದರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಎರಡೂ ಆಗಬಹುದು. ನಾನು ತಾಯಿಗೆ ಹೇಳುವುದು ಇಷ್ಟು: ಕೆಲಸ ಆಗುವುದಿಲ್ಲ, ನೀನು ಬೇಕಾದರೆ ಈ ಎರಡು ತಿಂಗಳು ಅರ್ಧ ದಿನ ಬಾ, ನಿನ್ನ ಮಷಿನ್ ಬೇರೆಯವರಿಗೆ ಹೋಗುವುದಿಲ್ಲ. ಇಲ್ಲ ಎಂದ ಮೇಲೆ ಪಕ್ಕದಲ್ಲಿ ಆಗುವಂಥ ಒಂದು ದಾರಿ ಇಡಬೇಕು. ದಾರಿ ಇಲ್ಲದ ಕಡೆ ಬರೀ ಇಲ್ಲ ಎನ್ನಿ, ಹುಸಿ ದಾರಿ ಬೇಡ.

ನಡುವಿನವರು, ನಮ್ಮವರು

ಸೂಪರ್‌ವೈಸರ್ ಇಟ್ಟುಕೊಂಡ ಮೇಲೆ ಲೈನ್‌ನವರು ನೇರ ನಿಮ್ಮ ಹತ್ತಿರ ಬಂದರೆ ಕೇಳಿ, ಆದರೆ ತೀರ್ಪು ಕೊಡಬೇಡಿ. "ಅವನಿಗೆ ಹೇಳಿದ್ಯಾ? ಏನಂದ?" ಇಷ್ಟೇ. ದೂರು ಸೂಪರ್‌ವೈಸರ್ ಮೇಲೇ ಇದ್ದರೆ ಮಾತು ಬೇರೆ.

ಬೀಗರ ಕಡೆಯ ಹುಡುಗ, ತಮ್ಮನ ಮಗ ಇವರನ್ನು ತೆಗೆದುಕೊಳ್ಳದೇ ಇರಲು ಬಳ್ಳಾರಿಯಲ್ಲಿ ಆಗುವುದಿಲ್ಲ. ಅವರ ಮುಂಗಡವೂ ಬುಧವಾರವೇ. ಅವರ ಆಲ್ಟರ್ ಪೀಸ್ ಎಲ್ಲರಿಗೂ ಕಾಣುವ ಡಬ್ಬಿಯಲ್ಲೇ ಬೀಳಲಿ. ಮನೆಯಲ್ಲಿ ಊಟಕ್ಕೆ ಕೂತಾಗ ಯೂನಿಟ್ ಮಾತು ಎತ್ತಿದರೆ ನಾನು ಪಲ್ಯ ಬಡಿಸುತ್ತೇನೆ, ಉತ್ತರ ಕೊಡುವುದಿಲ್ಲ.

ಎಲ್ಲರೂ ಅಕ್ಕ ಎನ್ನುತ್ತಾರೆ, ಎನ್ನಲಿ. ರಾತ್ರಿ ಎಂಟರ ಮೇಲೆ ಫೋನ್ ಬಂದರೆ ಜೀವಕ್ಕೆ ಸಂಬಂಧಿಸಿದ್ದಾದರೆ ಮಾತ್ರ ಮಾತಾಡುತ್ತೇನೆ. ಅದೇ ನಿಯಮ ನನಗೂ: ನಾಳೆ ಯಾವ ಲಾಟ್ ಎಂದು ರಾತ್ರಿ ನಾನೂ ಯಾರಿಗೂ ಮಾಡುವುದಿಲ್ಲ.

ಕೆಲಸ ಬಿಡಿಸುವುದು

ಬಿಡಿಸುವ ದಿನ ಅವನಿಗೆ ಆಶ್ಚರ್ಯ ಆಗಬಾರದು. ಆಶ್ಚರ್ಯವಾದರೆ ತಪ್ಪು ನಿಮ್ಮದು, ಮೊದಲು ಹೇಳಬೇಕಿತ್ತು. ನನ್ನ ಕ್ರಮ ಹೀಗೆ. ಮೊದಲ ಸಲ ಬಾಯಿ ಮಾತು, ಅದೂ ತಾರೀಖು ಬರೆದಿಟ್ಟುಕೊಂಡು. ಎರಡನೇ ಸಲ ಕಾಗದದ ಮೇಲೆ, ಅವನಿಗೆ ಗೊತ್ತಿರುವ ಭಾಷೆಯಲ್ಲಿ, ಏನು ಸರಿ ಹೋಗಬೇಕು, ಯಾವಾಗಿನ ತನಕ. ಅವನ ಉತ್ತರವನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಅದಾದ ಮೇಲೂ ಆಗದಿದ್ದರೆ ಕರೆದು ಮೊದಲ ಮಾತಿನಲ್ಲೇ ಹೇಳಿ. ಮನೆ ಕಡೆ ಹೇಗಿದ್ದಾರೆ, ಊಟ ಆಯ್ತಾ ಎಂದು ಸುತ್ತಿ ಬಳಸಬೇಡಿ. "ಶನಿವಾರಕ್ಕೆ ನಿನ್ನ ಕೆಲಸ ಮುಗೀತಪ್ಪ. ಕಾರಣ ನಾವು ಎರಡು ಸಲ ಮಾತಾಡಿದ್ದೇ. ಲೆಕ್ಕ ಇಲ್ಲೈತೆ ನೋಡು." ಅಳುತ್ತಾನೆ, ಬೈಯುತ್ತಾನೆ. ಕೂತು ಕೇಳಿ. ಕೇಳುವುದು ಬೇರೆ, ಬದಲಿಸುವುದು ಬೇರೆ.

ಲೆಕ್ಕ ಎಂದರೆ ಪೂರ್ತಿ ಲೆಕ್ಕ. ಬಾಕಿ ಕೂಲಿ ಎರಡು ಕೆಲಸದ ದಿನದೊಳಗೆ ಕೊಡಬೇಕು. ಐದು ವರ್ಷ ಆಗಿದ್ದರೆ ಗ್ರಾಚ್ಯುಟಿ: ಕೊನೆಯ ತಿಂಗಳ ಕೂಲಿಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸುವುದು. ಪೀಸ್ ರೇಟ್‌ನವರಿಗೆ ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯುತ್ತಾರೆ. ಸಿಟ್ಟಿನಿಂದ ಬಿಟ್ಟುಹೋದವನಿಗೂ ಇಷ್ಟೇ. ಪಿಎಫ್ ವರ್ಗಾವಣೆಗೆ ಬೇಕಾದ ಎಂಟ್ರಿಗಳನ್ನು ಆ ವಾರವೇ ಮಾಡಿಕೊಡಿ.

ಆಮೇಲೆ ಬೇರೆ ಯೂನಿಟ್‌ನಿಂದ ಫೋನ್ ಬರುತ್ತದೆ. "ಅಕ್ಕಾ, ನಿಮ್ಮ ಹತ್ರ ಇದ್ದನಲ್ಲ, ಹೆಂಗೆ ಹುಡುಗ?" ಇದ್ದದ್ದನ್ನು ಹೇಳಿ: ಕಾಜಾ ಬಟನ್ ನೀಟಾಗಿ ಹಾಕ್ತಾನೆ, ಕಳ್ಳತನ ಇಲ್ಲ, ಸೋಮವಾರ ಬರಂಗಿಲ್ಲ. ಮುಂಗಡ ಎಷ್ಟಿತ್ತು, ಹೆಂಡತಿ ಜೊತೆ ಸರಿ ಇದ್ದಾನಾ ಎಂದು ಮುಂದೆ ಕೇಳುತ್ತಾರೆ. ಅಷ್ಟರಲ್ಲಿ ಆಟೋ ಬಂತು ಎಂದು ಫೋನ್ ಇಡಿ.